ಗಂಡುನಾಯಿಗೆ ಆಪರೇಷನ್: ಬೇಕೇ, ಬೇಡವೇ?

ಕನ್ನಡ ವ್ಯಾಕರಣದ ಪ್ರಕಾರ ನಾಯಿ ಹುಟ್ಟಿನಿಂದಲೇ ನಪುಂಸಕಲಿಂಗ. ‘ರಾಮ ಬಂದನು, ಸೀತೆ ಬಂದಳು, ನಾಯಿ ಬಂದಿತು’ ಎಂದು ನಾವು ಪ್ರಾಥಮಿಕ ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ಪಾಠ ಒಗ್ಗುವುದಿಲ್ಲ. ಮರಾಠಿಯ ‘ಕುತ್ರಾ ಆಲಾ’, ಹಿಂದಿಯ ‘ಕುತ್ತಾ ಆಯಾ’ ಕಿವಿಯಲ್ಲಿ ಕುಳಿತುಬಿಟ್ಟಿರುವುದರಿಂದ ‘ಟೈಗರ್ ಬಂದ, ಟೈಗರ್ ಊಟ ಮಾಡಿದ’ ಎಂದೇ ಹೇಳುತ್ತಾರೆ. ತಿದ್ದಲು ಹೋದರೆ ‘ಅಮ್ಮಾ, ಅವನು ನಮ್ಮ ಮನೆಯವನು, ಅವನನ್ನು ಅದು ಅಂತ ಹೇಗೆ ಕರೀಲಿ?’ ಎಂದು ನಮ್ಮನ್ನೇ ತಿದ್ದುತ್ತಾರೆ. ಒಪ್ಪತಕ್ಕ ಮಾತೇ. ಆದರೆ ಈ ‘ಮನೆಯವನಿಗೆ’ ವರ್ಷ ತುಂಬುತ್ತಿದ್ದಂತೆ ಪಶುವೈದ್ಯರು ‘ನ್ಯೂಟರ್ ಮಾಡಿಸ್ತೀರಾ?’ ಎಂದು ಕೇಳುತ್ತಾರೆ. ಬಿ.ಎ. ತರಗತಿಯಲ್ಲಿ ನ್ಯೂಟರ್ ಜೆಂಡರ್ ಎಂದು ಓದಿದ್ದ ನನಗೆ ಆ ಶಬ್ದ ಕ್ರಿಯಾಪದವಾಗಿ ಮೊದಲ ಸಲ ಕಿವಿಗೆ ಬಿದ್ದಾಗ ನಗು ಬಂದಿತ್ತು. ಮನೆಯಲ್ಲಿ ಬೇರೆ ಯಾರಿಗೂ ನಗು ಬರಲಿಲ್ಲ.

ಯುವಮಿತ್ರರೇ, ನಾಯಿ ಬೇಕೆಂದು ಹಟ ಹಿಡಿಯುವವರು ನೀವು. ಎರಡು ತಿಂಗಳ ಮರಿಯನ್ನು ಎದೆಗವಚಿಕೊಂಡು ಮನೆಗೆ ತರುವವರೂ ನೀವೇ. ಆಮೇಲೆ ನಿಮಗೆ ಕಾಲೇಜು, ಆಫೀಸು, ಲೋಕಲ್ ಟ್ರೇನು. ಮಧ್ಯಾಹ್ನ ಮೂರು ಗಂಟೆಗೆ ಅದರ ಜತೆ ಇರುವವರು ನಿಮ್ಮ ತಾಯಂದಿರು. ಹೀಗಾಗಿ ನಮ್ಮ ಮಹಿಳಾ ವಿಭಾಗದ ಅರಿಶಿನ ಕುಂಕುಮದ ದಿನವೂ ಈ ಪ್ರಶ್ನೆ ಎದ್ದೇಳುತ್ತದೆ: ಗಂಡುನಾಯಿಗೆ ಆಪರೇಷನ್ ಮಾಡಿಸಬೇಕೇ? ಒಬ್ಬರು ‘ಮಾಡಿಸಿಬಿಡಿ, ಹಸುವಿನ ಹಾಗೆ ಸಾಧುವಾಗ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘ಬೇಡಪ್ಪ, ದಪ್ಪಗಾಗಿ ಮೂಲೆ ಹಿಡೀತದೆ’ ಎನ್ನುತ್ತಾರೆ. ಮೂರನೆಯವರದು ‘ಮೂಕ ಪ್ರಾಣಿಗೆ ಹಾಗೆ ಮಾಡೋದು ಪಾಪ’ ಎಂಬ ತೀರ್ಪು. ಮೂರು ಮಾತಿನಲ್ಲೂ ಒಂದಿಷ್ಟು ನಿಜವಿದೆ, ಒಂದಿಷ್ಟು ಸುಳ್ಳಿದೆ. ನಾನು ವೈದ್ಯಳಲ್ಲ, ಗೃಹಿಣಿ. ನಮ್ಮ ಟೈಗರನ ನಿಮಿತ್ತ ವೈದ್ಯರನ್ನು ಕೇಳಿ, ಇಂಗ್ಲಿಷಿನಲ್ಲಿ ಬಂದಿರುವ ಅಧ್ಯಯನಗಳನ್ನು ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಏನಿದು ಆಪರೇಷನ್?

ಊರಿನಲ್ಲಿರುವ ನಿಮ್ಮ ಅಜ್ಜನಿಗೆ ಇದು ಹೊಸ ವಿಷಯವಲ್ಲ. ಹೋರಿಗೆ ಬೀಜ ಒಡೆಸಿ ಎತ್ತು ಮಾಡುವುದು ನಮ್ಮ ರೈತರಿಗೆ ತಲೆತಲಾಂತರದಿಂದ ಗೊತ್ತು. ಹೋರಿಯನ್ನು ನೊಗಕ್ಕೆ ಬಗ್ಗಿಸುವುದು ಕಷ್ಟ, ಎತ್ತು ಹೇಳಿದ ಮಾತು ಕೇಳುತ್ತದೆ. ನಾಯಿಗೆ ಮಾಡುವುದೂ ತತ್ವದಲ್ಲಿ ಅದೇ, ರೀತಿ ಮಾತ್ರ ಬೇರೆ. ಪೂರ್ತಿ ಅರಿವಳಿಕೆ ಕೊಟ್ಟು, ವೃಷಣಚೀಲದ ಸ್ವಲ್ಪ ಮುಂದೆ ಸಣ್ಣದಾಗಿ ಕೊಯ್ದು, ಎರಡೂ ವೃಷಣಗಳನ್ನು ಹೊರತೆಗೆದು, ರಕ್ತನಾಳಗಳನ್ನು ಕಟ್ಟಿ ಹೊಲಿಗೆ ಹಾಕುತ್ತಾರೆ. ಆರೋಗ್ಯವಂತ ನಾಯಿಯಾದರೆ ಸಾಮಾನ್ಯವಾಗಿ ಅದೇ ಸಂಜೆ ಮನೆಗೆ ಕರೆತರಬಹುದು. ಕನ್ನಡ ಪತ್ರಿಕೆಗಳಲ್ಲಿ ‘ಸಂತಾನಹರಣ ಶಸ್ತ್ರಚಿಕಿತ್ಸೆ’ ಎಂದು ನೀವು ಓದುವುದು ಇದನ್ನೇ.

ಗಂಡಸರಿಗೆ ಮಾಡುವ ಕುಟುಂಬ ಯೋಜನೆಯ ಆಪರೇಷನ್ ಇದಲ್ಲ. ಅಲ್ಲಿ ವೀರ್ಯನಾಳವನ್ನು ಕಟ್ಟುತ್ತಾರೆ, ವೃಷಣ ತನ್ನ ಜಾಗದಲ್ಲೇ ಇರುತ್ತದೆ, ಗಂಡು ಹಾರ್ಮೋನು ಎಂದಿನಂತೆ ಹರಿಯುತ್ತದೆ. ನಾಯಿಗೆ ಅಷ್ಟೇ ಮಾಡಿದರೆ ಮರಿ ಹುಟ್ಟುವುದು ನಿಲ್ಲುತ್ತದೆ, ಸ್ವಭಾವ ಕಿಂಚಿತ್ತೂ ಬದಲಾಗುವುದಿಲ್ಲ. ವೃಷಣವನ್ನೇ ತೆಗೆದಾಗ ಟೆಸ್ಟೊಸ್ಟಿರಾನ್ ಎಂಬ ಆ ಹಾರ್ಮೋನು ಒಂದೆರಡು ದಿನಗಳಲ್ಲೇ ತೀರ ಕೆಳಗಿಳಿಯುತ್ತದೆ. ಆದರೆ ನಾಯಿಯ ಅಭ್ಯಾಸಗಳು ಎರಡು ದಿನದಲ್ಲಿ ಹೋಗುವಂಥವಲ್ಲ. ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳೇ ಬೇಕು. ಇನ್ನೊಂದು ಮಾತು: ನಾಳಗಳಲ್ಲಿ ಮೊದಲೇ ಉಳಿದಿರುವ ವೀರ್ಯದಿಂದ ಕೆಲವು ವಾರ ಮರಿ ಹುಟ್ಟುವ ಸಾಧ್ಯತೆ ಇರುತ್ತದೆ. ಆದ್ದರಿಂದ ಒಂದು ತಿಂಗಳಾದರೂ ಅದನ್ನು ಬೆದೆಗೆ ಬಂದ ಹೆಣ್ಣುನಾಯಿಯಿಂದ ದೂರವಿಡಬೇಕು.

ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಆಪರೇಷನ್ ತೆಗೆಯುವುದು ಗಂಡು ಹಾರ್ಮೋನನ್ನು. ಆ ಹಾರ್ಮೋನಿನಿಂದ ಬಂದ ಗುಣಗಳು ತಗ್ಗುತ್ತವೆ. ಭಯದಿಂದ, ಬೇಸರದಿಂದ, ನಾವು ಕಲಿಸಿದ್ದರಿಂದ ಅಥವಾ ಕಲಿಸದೇ ಬಿಟ್ಟಿದ್ದರಿಂದ ಬಂದವು ಹಾಗೆಯೇ ಉಳಿಯುತ್ತವೆ.

ಯಾವ ಗುಣ ಬದಲಾಗುತ್ತದೆ?

ಮೊದಲನೆಯದು ಅಲೆಯುವ ಚಟ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಅದರ ವಾಸನೆ ನಮಗೆ ತಿಳಿಯದು, ನಾಲ್ಕು ಕಟ್ಟಡ ಆಚೆಗಿರುವ ಗಂಡುನಾಯಿಗೆ ತಿಳಿಯುತ್ತದೆ. ಆಗ ಅದಕ್ಕೆ ಊಟ ಬೇಡ, ನಿದ್ದೆ ಬೇಡ. ಬಾಗಿಲ ಬಳಿ ಊಳಿಡುತ್ತದೆ, ಹಗ್ಗ ಕಿತ್ತುಕೊಂಡು ಓಡುತ್ತದೆ. ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮನೆಯ ಮೋತಿಗೆ ಇದೇ ರೋಗವಿತ್ತು. ಎರಡು ಸಲ ರೈಲು ಹಳಿ ದಾಟಿ ಹೋಗಿತ್ತು, ಒಮ್ಮೆ ಮೂರು ದಿನ ಪತ್ತೆಯಿರಲಿಲ್ಲ. ಮರಳಿ ಬಂದಾಗ ಕಿವಿ ಹರಿದಿತ್ತು. ಎರಡೂವರೆ ವರ್ಷದಲ್ಲಿ ಆಪರೇಷನ್ ಆಯಿತು. ಸುಮಾರು ಎರಡು ತಿಂಗಳ ನಂತರ ಬಾಗಿಲು ತೆರೆದಿದ್ದರೂ ಅದು ಹೊಸ್ತಿಲ ಮೇಲೆ ಮಲಗಿ ಕಾರಿಡಾರಿನಲ್ಲಿ ಹೋಗಿಬರುವವರನ್ನು ನೋಡುತ್ತಿತ್ತು.

ಎರಡನೆಯದು ಕಂಡಕಂಡಲ್ಲಿ ಕಾಲೆತ್ತಿ ಗುರುತು ಹಾಕುವುದು. ಸೊಸೈಟಿಯ ಪಿಲ್ಲರು, ಪಕ್ಕದವರ ಸ್ಕೂಟರು, ಕೆಲವೊಮ್ಮೆ ಮನೆಯೊಳಗಿನ ಸೋಫಾ. ಮೂರನೆಯದು ಬಂದವರ ಕಾಲಿಗೆ, ದಿಂಬಿಗೆ, ಬೇರೆ ನಾಯಿಗಳಿಗೆ ಜೋತುಬೀಳುವುದು. ನೆಂಟರ ಮುಂದೆ ತಲೆ ತಗ್ಗಿಸುವಂತೆ ಮಾಡುವ ಗುಣವಿದು. ನಾಲ್ಕನೆಯದು ಬೇರೆ ಗಂಡುನಾಯಿಯನ್ನು ಕಂಡೊಡನೆ ಮೈಮೇಲೆ ಬೀಳುವುದು.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪಶುವೈದ್ಯರು 57 ಗಂಡುನಾಯಿಗಳನ್ನು ಕುರಿತು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲೆಯುವುದು, ಗುರುತು ಹಾಕುವುದು, ಜೋತುಬೀಳುವುದು ಈ ಮೂರು ಗುಣಗಳು 100ಕ್ಕೆ 60 ಅಥವಾ ಹೆಚ್ಚು ನಾಯಿಗಳಲ್ಲಿ ಅರ್ಧಕ್ಕರ್ಧ ಇಲ್ಲವೇ ಅದಕ್ಕಿಂತ ಹೆಚ್ಚು ತಗ್ಗಿದ್ದವು. ಹೆಚ್ಚುಕಡಿಮೆ ಪೂರ್ತಿಯಾಗಿ ನಿಂತಿದ್ದು 100ಕ್ಕೆ 25ರಿಂದ 40 ನಾಯಿಗಳಲ್ಲಿ. ನಾಯಿಯ ವಯಸ್ಸು ಎಷ್ಟು, ಅಭ್ಯಾಸ ಎಷ್ಟು ಹಳೆಯದು ಎಂಬುದಕ್ಕೂ ಸಿಕ್ಕಿದ ಫಲಕ್ಕೂ ಸಂಬಂಧ ಕಾಣಲಿಲ್ಲ. ಅಂದರೆ ‘ನಾಯಿಗೆ ಐದು ವರ್ಷವಾಯ್ತು, ಇನ್ನೇನು ಪ್ರಯೋಜನ’ ಎಂದು ಕೈಬಿಡಬೇಕಾಗಿಲ್ಲ. ಹಾಗೆಯೇ ಮಾಡಿಸಿದ ಕೂಡಲೇ ಎಲ್ಲ ನಾಯಿಯೂ ಬದಲಾಗುತ್ತದೆ ಎಂದೂ ತಿಳಿಯಬಾರದು.

ಯಾವುದು ಬದಲಾಗುವುದಿಲ್ಲ?

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಅದನ್ನು ಜನ ಓದುವುದಿಲ್ಲ. ಅಪರಿಚಿತ ಮನುಷ್ಯರ ಮೇಲೆ ಎರಗುವ ಗುಣದ ಮೇಲೂ, ಶಬ್ದ ಮತ್ತು ವಸ್ತುಗಳನ್ನು ಕಂಡು ಹೆದರುವ ಗುಣದ ಮೇಲೂ ಆಪರೇಷನ್‌ನಿಂದ ಗಮನಾರ್ಹ ಪರಿಣಾಮ ಆಗಲಿಲ್ಲ.

ಇದರ ಅರ್ಥ ನನಗೆ ಸರಿಯಾಗಿ ತಿಳಿದದ್ದು ಠಾಣೆಯ ನಮ್ಮ ಪರಿಚಯದವರ ಮನೆಯಲ್ಲಿ. ಅವರ ಬ್ರೂನೋ ಜರ್ಮನ್ ಷೆಫರ್ಡ್. ಮಗ ಕಾಲೇಜಿಗೆ, ತಂದೆ ತಾಯಿ ಇಬ್ಬರೂ ಕೆಲಸಕ್ಕೆ. ಮರಿಯಾಗಿದ್ದಾಗಿನಿಂದ ಅದು ಹಗಲೆಲ್ಲ ಬಾಲ್ಕನಿಯಲ್ಲಿ ಸರಪಳಿಗೆ. ಹೊಸ ಮುಖ ಕಂಡರೆ ಮೊದಲು ಹಿಂದೆ ಸರಿಯುತ್ತಿತ್ತು, ಹತ್ತಿರ ಬಂದರೆ ಗುರ್ ಎನ್ನುತ್ತಿತ್ತು. ಎರಡನೆಯ ವರ್ಷ ಪಕ್ಕದ ಮನೆಯ ಮಗುವಿನ ಕೈಗೆ ಬಾಯಿ ಹಾಕಿತು. ಯಾರೋ ‘ಆಪರೇಷನ್ ಮಾಡಿಸಿ, ಕಚ್ಚೋದು ನಿಲ್ತದೆ’ ಎಂದರು. ಮಾಡಿಸಿದರು. ಮೂರು ತಿಂಗಳ ಮೇಲೆ ಪಾರ್ಸೆಲ್ ತಂದ ಹುಡುಗನನ್ನು ಕಚ್ಚಿತು. ಸೊಸೈಟಿಯ ಸಭೆ ಕೂಡಿತು, ನೋಟೀಸು ಬಂತು, ಬ್ರೂನೋ ಕರ್ಜತ್ ಕಡೆಯ ಯಾರದೋ ತೋಟಕ್ಕೆ ಹೋಯಿತು. ಆ ಹುಡುಗ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲವಂತೆ. ಆಪರೇಷನ್ ಕೆಟ್ಟದಾಗಿ ಆಗಿತ್ತೆಂದಲ್ಲ. ಬ್ರೂನೋ ಕಚ್ಚುತ್ತಿದ್ದುದು ಭಯದಿಂದ. ಭಯಕ್ಕೆ ಬೇಕಾದದ್ದು ತಿಂಗಳುಗಟ್ಟಲೆಯ ತಾಳ್ಮೆ, ತರಬೇತಿ, ಹೊಸಬರನ್ನು ಸ್ವಲ್ಪ ಸ್ವಲ್ಪವಾಗಿ ಪರಿಚಯಿಸುವುದು, ಅಲ್ಲಿಯವರೆಗೆ ಬಾಯಿಗೆ ಮುಖಪಟ್ಟಿ.

ಕೆಲವು ನಾಯಿಗಳಲ್ಲಿ ಆಪರೇಷನ್‌ನಿಂದ ಭಯ ಹೆಚ್ಚಾಗುವ ಸಂಭವವನ್ನೂ ತಳ್ಳಿಹಾಕುವಂತಿಲ್ಲ. ಆಸ್ಟ್ರೇಲಿಯದ ಸಂಶೋಧಕರೊಬ್ಬರ ನೇತೃತ್ವದಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆರು ಸಾವಿರಕ್ಕೂ ಹೆಚ್ಚು ಗಂಡುನಾಯಿಗಳ ಸ್ವಭಾವದ ಬಗ್ಗೆ ಮಾಲೀಕರು ಕೊಟ್ಟ ಉತ್ತರಗಳನ್ನು ಪರಿಶೀಲಿಸಿತು. ಚಿಕ್ಕಂದಿನಲ್ಲೇ ಆಪರೇಷನ್ ಆಗಿ ಹಾರ್ಮೋನಿನ ಸಹವಾಸ ಕಡಿಮೆ ಸಿಕ್ಕ ನಾಯಿಗಳಲ್ಲಿ ಪುಕ್ಕಲುತನದ ಲಕ್ಷಣಗಳು ಹೆಚ್ಚಾಗಿ ಕಂಡವು. ಮನೆಯೊಳಗೆ ಗುರುತು ಹಾಕುವುದು ಮಾತ್ರ ಕಡಿಮೆಯಿತ್ತು. ಇದು ಮಾಲೀಕರ ಮಾತನ್ನು ಆಧರಿಸಿದ ಲೆಕ್ಕ. ಆಪರೇಷನ್ನೇ ಕಾರಣ ಎಂದು ಇದರಿಂದ ಸಾಧಿಸಿದಂತಾಗದು. ಆದರೂ ನಿಮ್ಮ ನಾಯಿ ಮೊದಲೇ ಪುಕ್ಕಲಾಗಿದ್ದರೆ ಆತುರಪಡದೆ ವೈದ್ಯರಿಗೆ ಆ ಮಾತು ಬಿಡಿಸಿ ಹೇಳಿ. ಕೆಲವು ದೇಶಗಳಲ್ಲಿ ಚರ್ಮದಡಿ ಇಡುವ ಔಷಧದಿಂದ ಹಾರ್ಮೋನನ್ನು ಕೆಲವು ತಿಂಗಳ ಮಟ್ಟಿಗೆ ತಗ್ಗಿಸಿ, ಪರಿಣಾಮ ನೋಡಿಕೊಂಡು ಆಮೇಲೆ ನಿರ್ಧರಿಸುವ ಪದ್ಧತಿಯೂ ಇದೆ.

ಇನ್ನು ಮನೆ ಕಾಯುವ ವಿಷಯ. ಆಪರೇಷನ್ ಆದ ನಾಯಿ ಕಳ್ಳನನ್ನು ಕಂಡರೂ ಸುಮ್ಮನಿರುತ್ತದೆ ಎಂಬುದು ಬರೀ ಮಾತು. ಬಾಗಿಲಿನ ಗಂಟೆಗೆ ಬೊಗಳುವುದು ಗಂಡಸುತನಕ್ಕೆ ಸೇರಿದ್ದಲ್ಲ. ಹೆಣ್ಣುನಾಯಿಗಳೂ ಚೆನ್ನಾಗಿಯೇ ಮನೆ ಕಾಯುತ್ತವೆ. ನಮ್ಮ ಟೈಗರ್ ಆಪರೇಷನ್ ಆದಮೇಲೂ ಕೊರಿಯರ್‌ನವನನ್ನು ಒಳಗೆ ಬಿಟ್ಟಿದ್ದಿಲ್ಲ. ದೀಪಾವಳಿಯ ಪಟಾಕಿಗೆ ಇಂದಿಗೂ ಮಂಚದ ಕೆಳಗೆ ಹೋಗುತ್ತದೆ. ಚಪ್ಪಲಿ ಕಚ್ಚುವುದು, ಮೈಮೇಲೆ ಹಾರುವುದು, ತಟ್ಟೆಗೆ ಬಾಯಿ ಹಾಕುವುದು ಇವೆಲ್ಲ ಕಲಿಸಿ ಬಿಡಿಸಬೇಕಾದ ಅಭ್ಯಾಸಗಳು. ಇವಕ್ಕೆ ಚಾಕು ಮದ್ದಲ್ಲ.

ಆರೋಗ್ಯದ ಜಮಾ ಮತ್ತು ಖರ್ಚು

ಜಮಾ ಬದಿಯನ್ನು ಮೊದಲು ನೋಡೋಣ. ವೃಷಣವೇ ಇಲ್ಲದಮೇಲೆ ಅದಕ್ಕೆ ಗಡ್ಡೆಯಾಗುವ ಪ್ರಶ್ನೆಯಿಲ್ಲ. ವಯಸ್ಸಾದ ಗಂಡುನಾಯಿಗಳಲ್ಲಿ ಇದು ಸಾಮಾನ್ಯ ಕಾಯಿಲೆ. ಕೆಲವು ಮರಿಗಳಲ್ಲಿ ಒಂದು ವೃಷಣ ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲೇ ಉಳಿದಿರುತ್ತದೆ. ಅಂಥ ವೃಷಣಕ್ಕೆ ಗಡ್ಡೆಯಾಗುವ ಅಪಾಯ ಹತ್ತು ಪಟ್ಟಿಗೂ ಹೆಚ್ಚು. ಆ ದೋಷ ಮಕ್ಕಳಿಗೂ ಇಳಿಯುವಂಥದು. ಇಂಥ ನಾಯಿಗೆ ಆಪರೇಷನ್ ಬೇಕೇ ಬೇಡವೇ ಎಂಬ ಚರ್ಚೆಯೇ ಇಲ್ಲ, ಮಾಡಿಸಲೇಬೇಕು.

ಪ್ರಾಸ್ಟೇಟ್ ಗ್ರಂಥಿಯ ಊತ ಮನೆಯ ಹಿರಿಯರಿಂದಾಗಿ ನಿಮಗೆ ಗೊತ್ತಿರಬಹುದು. ಗಂಡುನಾಯಿಗೂ ಅದೇ ಬರುತ್ತದೆ. ಐದಾರು ವರ್ಷ ದಾಟಿದ, ಆಪರೇಷನ್ ಆಗದ ನಾಯಿಗಳಲ್ಲಿ ಅರ್ಧದಷ್ಟಕ್ಕಾದರೂ ಈ ಊತ ಇರುತ್ತದೆ. ಮಲ ಚಪ್ಪಟೆಯಾಗಿ ತಿಣುಕಿ ಬರುವುದು, ಮೂತ್ರದ ಜಾಗದಿಂದ ರಕ್ತದ ಹನಿ ಬೀಳುವುದು ಇದರ ಲಕ್ಷಣ. ವೃಷಣ ತೆಗೆದ ಕೆಲವೇ ವಾರಗಳಲ್ಲಿ ಗ್ರಂಥಿ ಕುಗ್ಗುತ್ತದೆ. ಗುದದ ಸುತ್ತ ಏಳುವ ಒಂದು ಬಗೆಯ ಗಂಟುಗಳೂ, ಅಲ್ಲಿನ ಹರ್ನಿಯಾವೂ ಇಂಥ ನಾಯಿಗಳಲ್ಲಿ ಕಡಿಮೆ. ಅಲೆದಾಟ ತಗ್ಗಿದಷ್ಟೂ ರಸ್ತೆ ಅಪಘಾತ, ಕಚ್ಚಾಟದ ಗಾಯ, ಬೀದಿನಾಯಿಗಳಲ್ಲಿ ಸಂಭೋಗದಿಂದ ಹರಡುವ ಜನನಾಂಗದ ಗಡ್ಡೆ ಎಲ್ಲವೂ ತಗ್ಗುತ್ತವೆ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆದ ಗಂಡುನಾಯಿಗಳ ಆಯುಷ್ಯ ಸುಮಾರು ಶೇಕಡ 14ರಷ್ಟು ಹೆಚ್ಚಿತ್ತು. ಅವು ಸೋಂಕು ಮತ್ತು ಅಪಘಾತದಿಂದ ಸಾಯುವುದು ಕಡಿಮೆ, ಕ್ಯಾನ್ಸರಿನಿಂದ ಸಾಯುವುದು ಹೆಚ್ಚು ಎಂಬುದೂ ಅಲ್ಲೇ ಕಂಡಿತು.

ಈಗ ಖರ್ಚಿನ ಬದಿ. ಪ್ರಾಸ್ಟೇಟಿನ ಊತ ತಪ್ಪುತ್ತದೆಯೇ ಹೊರತು ಪ್ರಾಸ್ಟೇಟಿನ ಕ್ಯಾನ್ಸರು ತಪ್ಪುವುದಿಲ್ಲ. ಅಪರೂಪದ ಆ ಕಾಯಿಲೆ ಆಪರೇಷನ್ ಆದ ನಾಯಿಗಳಲ್ಲೇ ತುಸು ಹೆಚ್ಚು. ಎರಡನೆಯದು ಕೀಲುಗಳ ತೊಂದರೆ. ನಮ್ಮ ಮನೆಗಳಲ್ಲಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ತರುವವರೇ ಜಾಸ್ತಿಯಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯಾವ ವಯಸ್ಸಿನಲ್ಲಿ?

ಎಲುಬು ಬೆಳೆಯುವುದನ್ನು ನಿಲ್ಲಿಸುವ ಸಂಕೇತ ಕೊಡುವುದರಲ್ಲಿ ಲೈಂಗಿಕ ಹಾರ್ಮೋನುಗಳ ಪಾಲು ದೊಡ್ಡದು. ಅವನ್ನು ಬೇಗ ತೆಗೆದರೆ ಕಾಲಿನ ಎಲುಬು ಸ್ವಲ್ಪ ಹೆಚ್ಚು ಕಾಲ ಬೆಳೆಯುತ್ತದೆ, ಕೀಲುಗಳ ಹೊಂದಾಣಿಕೆ ತಪ್ಪುತ್ತದೆ. ಡೇವಿಸ್‌ನ ಅದೇ ಶಾಲೆಯವರು 2013ರಲ್ಲಿ 759 ಗೋಲ್ಡನ್ ರಿಟ್ರೀವರ್‌ಗಳ ದಾಖಲೆ ನೋಡಿದರು. ವರ್ಷ ತುಂಬುವ ಮೊದಲೇ ಆಪರೇಷನ್ ಆದ ಗಂಡುಗಳಲ್ಲಿ 100ಕ್ಕೆ 10ಕ್ಕೆ ಸೊಂಟದ ಕೀಲಿನ ದೋಷ ಕಂಡಿತು. ಆಪರೇಷನ್ ಆಗದವುಗಳಿಗಿಂತ ಇದು ಎರಡು ಪಟ್ಟು. ಜರ್ಮನ್ ಷೆಫರ್ಡ್‌ಗಳ ಬಗ್ಗೆ 2016ರಲ್ಲಿ ಬಂದ ಅಧ್ಯಯನದಲ್ಲಿ ವರ್ಷದೊಳಗೆ ಆಪರೇಷನ್ ಆದ ಗಂಡುಗಳಲ್ಲಿ ಶೇಕಡ 21ಕ್ಕೆ ಒಂದಲ್ಲ ಒಂದು ಕೀಲು ತೊಂದರೆ, ಆಗದವುಗಳಲ್ಲಿ ಶೇಕಡ 7ಕ್ಕೆ ಮಾತ್ರ.

2020ರಲ್ಲಿ ಅವರೇ 35 ತಳಿಗಳ ಲೆಕ್ಕ ಪ್ರಕಟಿಸಿದರು. ಸಣ್ಣ ತಳಿಗಳಲ್ಲಿ ಬೇಗ ಮಾಡಿಸಿದ್ದರಿಂದ ಕೀಲು ತೊಂದರೆ ಹೆಚ್ಚಲಿಲ್ಲ. ಗೋಲ್ಡನ್ ಗಂಡುಮರಿಗೆ ಒಂದು ವರ್ಷವಾದರೂ, ಜರ್ಮನ್ ಷೆಫರ್ಡ್‌ಗೆ ಎರಡು ವರ್ಷವಾದರೂ ತುಂಬಲಿ, ಲ್ಯಾಬ್ರಡಾರ್ ಗಂಡಿಗೆ ಆರು ತಿಂಗಳು ದಾಟಲಿ ಎಂಬುದು ಅವರ ಸಲಹೆ. ಮಿಶ್ರತಳಿಗಳಲ್ಲಿ ಬೆಳೆದಮೇಲೆ 20 ಕಿಲೋ ದಾಟುವಂಥವಕ್ಕೆ ವರ್ಷ ತುಂಬುವವರೆಗೆ ಕಾಯುವುದು ಒಳ್ಳೆಯದು. ನಮ್ಮ ಟೈಗರ್ ಅರ್ಧ ಬೀದಿ, ಅರ್ಧ ಲ್ಯಾಬ್ರಡಾರ್, ತೂಕ 24 ಕಿಲೋ. ಆದ್ದರಿಂದ ವೈದ್ಯರು ಹದಿನಾಲ್ಕು ತಿಂಗಳವರೆಗೆ ಕಾಯಿಸಿದರು.

‘ಆರು ತಿಂಗಳಾಯಿತೇ, ಮಾಡಿಸಿಬಿಡಿ’ ಎಂದು ಹಿಂದೆ ಎಲ್ಲ ನಾಯಿಗೂ ಒಂದೇ ಮಾತು ಹೇಳುತ್ತಿದ್ದರು. ಈಗ ಹಾಗಲ್ಲ. ತಳಿ ಯಾವುದು, ಬೆಳೆದಾಗ ಎಷ್ಟು ತೂಗೀತು ಎಂದು ನೋಡಿ ನಿರ್ಧರಿಸಬೇಕು.

ತಟ್ಟೆಯ ಮೇಲೆ ಕಣ್ಣು

ಆಪರೇಷನ್ ಆದಮೇಲೆ ನಾಯಿ ದಪ್ಪಗಾಗುತ್ತದೆ ಎಂಬ ದೂರು ಸುಳ್ಳಲ್ಲ. ದೇಹಕ್ಕೆ ಬೇಕಾದ ಆಹಾರ ಐದನೇ ಒಂದು ಭಾಗದಷ್ಟು ಅಥವಾ ಇನ್ನೂ ಹೆಚ್ಚು ಇಳಿಯುತ್ತದೆ. ಹಸಿವು ಮಾತ್ರ ಏರುತ್ತದೆ. ಆಗ ಅದು ಅಡುಗೆಮನೆಯ ಬಾಗಿಲಲ್ಲಿ ಕುಳಿತು ನೋಡುವ ನೋಟಕ್ಕೆ ಯಾವ ತಾಯಿಯ ಕರುಳೂ ಕರಗುತ್ತದೆ. ಅಜ್ಜಿ ತುಪ್ಪ ಸವರಿದ ಚಪಾತಿ ಕೊಡುತ್ತಾರೆ, ಅಜ್ಜ ಚಹಾದ ಜತೆಗಿನ ಪಾರ್ಲೆ-ಜಿ ಕೊಡುತ್ತಾರೆ, ನೀವು ರಾತ್ರಿ ಬಂದು ಇನ್ನೇನೋ ಕೊಡುತ್ತೀರಿ. ಯಾರು ಎಷ್ಟು ಕೊಟ್ಟರೆಂದು ಯಾರಿಗೂ ತಿಳಿಯದು. ನಮ್ಮಲ್ಲಿ ಬೆಳಿಗ್ಗೆಯೇ ದಿನದ ಪಾಲನ್ನು ಒಂದು ಡಬ್ಬಿಗೆ ಹಾಕಿಡುತ್ತೇವೆ. ಯಾರೇ ಕೊಡಲಿ, ಅದರಿಂದಲೇ. ಡಬ್ಬಿ ಖಾಲಿಯಾದರೆ ಮುಗಿಯಿತು.

ತಿಂಗಳಿಗೊಮ್ಮೆ ತೂಕ ನೋಡಿ. ನೀವು ನಾಯಿಯನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಂದದ್ದರಲ್ಲಿ ನಿಮ್ಮ ತೂಕ ಕಳೆದರಾಯಿತು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ತಿಳಿಯಬೇಕು. ದಪ್ಪವಾದ ನಾಯಿಗೆ ಕೀಲುನೋವು ಬೇಗ ಬರುತ್ತದೆ. ಆಮೇಲೆ ಆಪರೇಷನ್ನನ್ನು ದೂರಿದರೆ ಉಪಯೋಗವಿಲ್ಲ.

ಆಪರೇಷನ್ ದಿನ, ಆಮೇಲಿನ ದಿನಗಳು

ಮೊದಲು ರಕ್ತಪರೀಕ್ಷೆ ಮಾಡಿಸಿ. ಲಸಿಕೆಗಳು ಮುಗಿದಿರಲಿ. ಹಿಂದಿನ ರಾತ್ರಿಯ ಊಟ ಎಷ್ಟು ಹೊತ್ತಿಗೆ ನಿಲ್ಲಬೇಕು, ನೀರು ಎಲ್ಲಿಯವರೆಗೆ ಕೊಡಬಹುದು ಎಂದು ಕೇಳಿ ಬರೆದುಕೊಳ್ಳಿ. ಬೆಳಿಗ್ಗೆ ‘ಪಾಪ, ಹಸಿದಿದೆ’ ಎಂದು ಯಾರೂ ಬಿಸ್ಕತ್ತು ಕೊಡದಂತೆ ಮನೆಯವರಿಗೆಲ್ಲ ಹೇಳಿಡಿ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.

ಮನೆಗೆ ಬಂದಮೇಲೆ ಮೊದಲ ರಾತ್ರಿ ತೂಗಾಡುತ್ತದೆ. ಮಂಚ, ಮೆಟ್ಟಿಲು ಹತ್ತಲು ಬಿಡಬೇಡಿ. ಹೊಲಿಗೆ ನೆಕ್ಕದಂತೆ ಕೊರಳಿಗೆ ಹಾಕುವ ಅಗಲವಾದ ಪ್ಲಾಸ್ಟಿಕ್ ಕಾಲರನ್ನು ನೋಡಿ ಎಲ್ಲರಿಗೂ ನಗು ಬರುತ್ತದೆ, ಕನಿಕರವೂ ಬರುತ್ತದೆ. ಕನಿಕರಪಟ್ಟು ಬಿಚ್ಚಬೇಡಿ. ಹತ್ತರಿಂದ ಹದಿನಾಲ್ಕು ದಿನ ಸ್ನಾನವಿಲ್ಲ, ಓಟವಿಲ್ಲ, ಹಗ್ಗ ಹಿಡಿದು ಸಣ್ಣ ನಡಿಗೆ ಅಷ್ಟೆ. ಗಾಯಕ್ಕೆ ಅರಿಶಿನ ಮೆತ್ತುವ ನಮ್ಮ ಹಳೆಯ ಪದ್ಧತಿ ಇಲ್ಲಿ ಬೇಡ, ಒಣಗಿರಲಿ. ನೋವೆಂದು ಮನೆಯ ಔಷಧದ ಡಬ್ಬಿಯಿಂದ ಮನುಷ್ಯರ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್‌ನಂಥವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನೇ ಕೆಡಿಸಬಲ್ಲವು. ತುಸು ಊತ ಸಹಜ. ರಕ್ತ ಒಸರಿದರೆ, ಕೀವು ಬಂದರೆ, ಮರುದಿನವೂ ಊಟ ಮುಟ್ಟದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಹಿರಿಯರ ಮಾತು

ನಮ್ಮ ಮಾವನವರು ಧಾರವಾಡದ ಕಡೆಯವರು. ಟೈಗರನ ಆಪರೇಷನ್ ಸುದ್ದಿ ಕೇಳಿ ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನ ‘ಮೂಕ ಪ್ರಾಣೀದು ಗಂಡಸ್ತನಾ ಯಾಕ ಕಸೀತೀರಿ? ಒಮ್ಮಿಯಾದ್ರೂ ಹೆಣ್ಣು ತೋರಿಸಿ ಆಮ್ಯಾಲ ಏನಾರ ಮಾಡ್ರಿ’ ಎಂದರು. ನಿಮ್ಮ ಮನೆಯಲ್ಲೂ ಇಂಥ ಮಾತು ಬಂದೇ ಬರುತ್ತದೆ. ನಗಬೇಡಿ. ಅದರ ಹಿಂದಿರುವುದು ಪ್ರೀತಿ.

ನಾಯಿಗೆ ತನ್ನ ‘ಗಂಡಸುತನ’ದ ಬಗ್ಗೆ ನಮಗಿರುವಂಥ ಅಭಿಮಾನವಿದೆ ಎನ್ನಲು ಆಧಾರವಿಲ್ಲ. ಒಮ್ಮೆ ಹೆಣ್ಣು ತೋರಿಸಿದರೆ ಶಾಂತವಾಗುತ್ತದೆ ಎಂಬುದೂ ನಿಜವಲ್ಲ. ಬೆದೆಯ ವಾಸನೆ ಬಂದಾಗಲೆಲ್ಲ ಅದು ಮತ್ತೆ ಚಡಪಡಿಸುತ್ತದೆ. ಆ ಒಂದು ಸಲದಿಂದ 63 ದಿನಗಳ ಮೇಲೆ ಐದಾರು ಮರಿ ಹುಟ್ಟಿದರೆ ಅವುಗಳನ್ನು ಸಾಕುವವರು ಯಾರು ಎಂದು ನನ್ನ ಮಗ ಅಜ್ಜನನ್ನು ಮೆಲ್ಲಗೆ ಕೇಳಿದ. ಅವರು ಉತ್ತರ ಹೇಳಲಿಲ್ಲ. ‘ಅಜ್ಜಾ, ನಿಮ್ಮ ಹೊಲದ ಎತ್ತುಗಳನ್ನ ಏನು ಮಾಡ್ತಿದ್ರಿ?’ ಎಂದಾಗ ‘ಎತ್ತಿನ ಮಾತು ಬ್ಯಾರೆ. ಅದಕ್ಕ ದುಡಿಮಿ ಇತ್ತು’ ಎಂದರು. ಯೋಚಿಸಬೇಕಾದ ಮಾತು ಅದು. ಎತ್ತಿಗೆ ಹೊಲವಿತ್ತು, ದಿನವಿಡೀ ಕೆಲಸವಿತ್ತು. ನಮ್ಮ ನಾಯಿಗೆ ಎರಡು ಕೋಣೆಯ ಫ್ಲ್ಯಾಟು. ಅದರ ಒಂದು ಹಂಬಲವನ್ನು ನಾವು ತೆಗೆದಮೇಲೆ ನಡಿಗೆ, ಆಟ, ಜತೆ ಕೊಡುವುದು ನಮ್ಮ ಮೇಲಿನ ಋಣ.

ಬೀದಿಯ ಗಂಡುನಾಯಿ

ನಿಮ್ಮಲ್ಲಿ ಹಲವರು ಕಟ್ಟಡದ ಕೆಳಗಿನ ನಾಯಿಗಳಿಗೆ ಅನ್ನ ಹಾಕುತ್ತೀರಿ. ಕಿವಿಯ ಅಂಚಿನಲ್ಲಿ ಸಣ್ಣ ತ್ರಿಕೋನದಂತೆ ಕತ್ತರಿಸಿದ ಗುರುತಿದ್ದರೆ ಅದಕ್ಕೆ ಸಂತಾನಹರಣ ಆಗಿದೆ ಎಂದರ್ಥ. ಬೀದಿನಾಯಿಗಳನ್ನು ಕೊಲ್ಲುವ ಬದಲು ಈ ದಾರಿ ಹಿಡಿಯಬೇಕೆಂದು ನಮ್ಮ ದೇಶದಲ್ಲಿ ಮೊದಲು ಮಾಡಿತೋರಿಸಿದ್ದು 1964ರಲ್ಲಿ ಮದ್ರಾಸಿನ ಬ್ಲೂ ಕ್ರಾಸ್ ಸಂಸ್ಥೆ. 2001ರಲ್ಲಿ ಕೇಂದ್ರ ಸರಕಾರ ಇದಕ್ಕೆ ನಿಯಮ ಮಾಡಿತು, 2023ರಲ್ಲಿ ಹೊಸ ನಿಯಮ ತಂದಿತು. ಆಪರೇಷನ್ ಮತ್ತು ರೇಬಿಸ್ ಲಸಿಕೆಯ ನಂತರ ಹಿಡಿದ ಜಾಗದಲ್ಲೇ ಬಿಡಬೇಕೆಂಬುದು ಇದರ ತಿರುಳು. ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು ರೇಬಿಸ್ ತಗಲಿದ ಮತ್ತು ಎರಗುವ ಸ್ವಭಾವದ ನಾಯಿಗಳನ್ನು ಇದರಿಂದ ಹೊರಗಿಟ್ಟಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಲ್ಲಿ ಹಿಡಿದವನ್ನು ಅಲ್ಲಿಗೇ ಮತ್ತೆ ಬಿಡಬಾರದೆಂದು ಆದೇಶಿಸಿತು.

ಇಲ್ಲಿ ಒಂದು ಲೆಕ್ಕ ಅರ್ಥಮಾಡಿಕೊಳ್ಳಬೇಕು. ಬೀದಿಯ ಹತ್ತು ಗಂಡುಗಳಲ್ಲಿ ಒಂಬತ್ತಕ್ಕೆ ಆಪರೇಷನ್ ಮಾಡಿಸಿದರೂ ಹತ್ತನೆಯದೊಂದೇ ಸಾಕು, ಎಲ್ಲ ಹೆಣ್ಣುಗಳೂ ಮರಿ ಹಾಕುತ್ತವೆ. ಸಂಖ್ಯೆ ಇಳಿಯುವುದು ಹೆಣ್ಣುಗಳಿಗೆ ಮಾಡಿಸಿದಾಗ. ಜೈಪುರದಲ್ಲಿ 1994ರಿಂದ 2002ರವರೆಗೆ ಹೆಣ್ಣುಗಳಲ್ಲಿ ಶೇಕಡ 65ಕ್ಕೆ ಆಪರೇಷನ್, ಲಸಿಕೆ ಎರಡೂ ಆದಾಗ ನಾಯಿಗಳ ಸಂಖ್ಯೆ ಶೇಕಡ 28ರಷ್ಟು ತಗ್ಗಿತು. ಗಂಡಿಗೆ ಮಾಡಿಸುವುದರಿಂದ ಕಚ್ಚಾಟ, ಅಲೆದಾಟ ತಗ್ಗುತ್ತವೆ, ಅದೂ ಬೇಕಾದದ್ದೇ. ಆದರೆ ನಿಮ್ಮ ಗಲ್ಲಿಯ ನಾಯಿಗಳಿಗಾಗಿ ಚಂದಾ ಕೂಡಿಸುವುದಾದರೆ ಮೊದಲ ಪಾಲು ಹೆಣ್ಣುಗಳಿಗಿರಲಿ. ಇನ್ನೊಂದು ಎಚ್ಚರ: ಆಪರೇಷನ್‌ನಿಂದ ರೇಬಿಸ್ ತಡೆಯಲಾಗದು, ತಡೆಯುವುದು ಲಸಿಕೆ. ಕಿವಿ ಕತ್ತರಿಸಿದ ನಾಯಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ತೀರ್ಮಾನಕ್ಕೆ ಮುನ್ನ

ವೈದ್ಯರ ಬಳಿ ಹೋಗುವ ಮುಂಚೆ ಒಂದು ಕಾಗದದ ಮೇಲೆ ನಾಲ್ಕು ಉತ್ತರ ಬರೆದುಕೊಳ್ಳಿ. ನಾಯಿಯ ವಯಸ್ಸು, ತಳಿ, ತೂಕ ಎಷ್ಟು? ನಿಮಗೆ ತೊಂದರೆಯಾಗಿರುವ ಗುಣ ಯಾವುದು, ಅದು ಯಾವಾಗ, ಯಾರ ಮುಂದೆ ಕಾಣಿಸುತ್ತದೆ? ಎರಡು ವೃಷಣಗಳೂ ಕೆಳಗಿಳಿದಿವೆಯೇ? ಆಪರೇಷನ್ ಆದ ಹದಿನಾಲ್ಕು ದಿನ ಹಗಲಿನಲ್ಲಿ ಮನೆಯಲ್ಲಿ ಇರುವವರು ಯಾರು? ಎರಡನೆಯ ಪ್ರಶ್ನೆಗೆ ನಿಮ್ಮ ಉತ್ತರ ಅಲೆದಾಟ, ಗುರುತು ಹಾಕುವುದು ಎಂದಾಗಿದ್ದರೆ ಆಪರೇಷನ್‌ನಿಂದ ಪ್ರಯೋಜನ ಆಗುವ ಸಂಭವ ಹೆಚ್ಚು. ಕಚ್ಚುವುದು, ಹೆದರುವುದು ಎಂದಾಗಿದ್ದರೆ ಮೊದಲು ತರಬೇತಿಯ ಮಾತಾಡಿ. ಮನೆಯಿಂದ ಒಂಟಿಯಾಗಿ ಹೊರಗೆ ಬಿಡದ, ಯಾವ ತೊಂದರೆಯೂ ಇಲ್ಲದ ದೊಡ್ಡ ತಳಿಯ ಗಂಡುನಾಯಿಗೆ ಅವಸರವೇನಿಲ್ಲ, ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುತ್ತ ಕಾಯಬಹುದು.

ನಾಲ್ಕನೆಯ ಪ್ರಶ್ನೆಗೆ ಮಾತ್ರ ‘ಅಮ್ಮ ಇದ್ದಾಳಲ್ಲ’ ಎಂದು ಬರೆಯಬೇಡಿ. ಹೊಲಿಗೆ ಬಿಚ್ಚುವವರೆಗೆ ಎರಡು ಮೂರು ದಿನವಾದರೂ ನೀವೇ ರಜೆ ಹಾಕಿ ಮನೆಯಲ್ಲಿರಿ.